ಗಣಕ ಜಾಲದ ಕಾರ್ಯವಿಧಾನ ಹಾಗೂ ದತ್ತಾಂಶ ಸಂಚಾರದ ವಿಶ್ಲೇಷಣೆ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿ ವೇತನ, ಸಾಮಾಜಿಕ ಭದ್ರತಾ ಪಿಂಚಣಿ ಮೊದಲಾದ ಸೇವೆಗಳಿಗೆ ಅರ್ಜಿಯನ್ನು ಕಚೇರಿಯ ಟಪಾಲು ಶಾಖೆಯಲ್ಲಿ ನೀಡಿ, ಮೊಹರು ಹಾಗೂ ದಿನಾಂಕವುಳ್ಳ ಸ್ವೀಕೃತಿಯನ್ನು ಪಡೆಯುವುದು ಹಿಂದಿನಿಂದ ನಡೆದುಬಂದ ಕ್ರಮವಾಗಿದೆ. ಈಗ ಇಂತಹ ಅರ್ಜಿಗಳನ್ನು ಅಂತರಜಾಲದ ಮೂಲಕವೂ ಸಲ್ಲಿಸಲಾಗುತ್ತಿದ್ದು, ಮೊಹರಿನ ಸ್ಥಾನದಲ್ಲಿ ಸ್ವೀಕೃತಿ ಸಂಖ್ಯೆಯು ಬಂದಿದೆ.

ಟಪಾಲು ಶಾಖೆಯಲ್ಲಿ ಅರ್ಜಿಯು ಕೈಯಿಂದ ಕೈಗೆ ದಾಟುವುದನ್ನು ಅರ್ಜಿದಾರರು ಕಣ್ಣಾರೆ ಕಾಣುತ್ತಾರೆ. ಆನ್‌ಲೈನ್ ವ್ಯವಸ್ಥೆಯಲ್ಲಿ ‘ಸಲ್ಲಿಸು’ ಗುಂಡಿಯನ್ನು ಒತ್ತಿದ ನಂತರ ಅರ್ಜಿಯು ಎಲ್ಲಿ ಹೋಯಿತು, ತಲುಪಿತೇ, ದಾರಿಯಲ್ಲಿ ಅದನ್ನು ಯಾರಾದರೂ ಓದಿದರೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಪರದೆಯು ನಿಂತುಹೋದಲ್ಲಿ ‘ಸರ್ವರ್ ಇಲ್ಲ’ ಎಂಬ ಒಂದೇ ಉತ್ತರವು ದೊರೆಯುತ್ತದೆ. ಕೊನೆಯ ದಿನಾಂಕದಂದು ಹೀಗಾದಲ್ಲಿ ಒಂದು ವರ್ಷದ ವಿದ್ಯಾರ್ಥಿ ವೇತನವೇ ಕೈತಪ್ಪುವ ಸಂಭವವಿರುತ್ತದೆ.

ಆದ್ದರಿಂದ ಗಣಕ ಜಾಲವು ಹೇಗೆ ಕಾರ್ಯ ನಿರ್ವಹಿಸುತ್ತದೆ, ಅದರಲ್ಲಿನ ಸಂಚಾರವನ್ನು ಹೇಗೆ ಮತ್ತು ಏಕೆ ವಿಶ್ಲೇಷಿಸಲಾಗುತ್ತದೆ, ಹಾಗೂ ವ್ಯತ್ಯಯ ಉಂಟಾದಾಗ ಅರ್ಜಿದಾರರ ಬಳಿ ಯಾವ ದಾಖಲೆಗಳು ಇರಬೇಕು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ಗಣಕ ಜಾಲ ಎಂದರೇನು?

ಎರಡು ಅಥವಾ ಹೆಚ್ಚಿನ ಗಣಕಗಳನ್ನು ತಂತಿ, ದ್ಯುತಿತಂತು ಅಥವಾ ರೇಡಿಯೋ ತರಂಗಗಳ ಮೂಲಕ ಜೋಡಿಸಿ, ಅವುಗಳ ನಡುವೆ ದತ್ತಾಂಶದ ವಿನಿಮಯಕ್ಕೆ ಅನುವು ಮಾಡಿಕೊಟ್ಟಲ್ಲಿ ಅದು ಗಣಕ ಜಾಲವೆನಿಸುತ್ತದೆ. ಒಂದು ಕಚೇರಿಯೊಳಗಿನ ಗಣಕಗಳ ಜೋಡಣೆಗೆ ಸ್ಥಳೀಯ ಜಾಲವೆಂದೂ, ಊರುಗಳ ನಡುವಿನ ಜೋಡಣೆಗೆ ವಿಸ್ತೃತ ಪ್ರದೇಶ ಜಾಲವೆಂದೂ ಹೆಸರು. ಇಂತಹ ಅಸಂಖ್ಯ ಜಾಲಗಳು ಒಂದೇ ಬಗೆಯ ನಿಯಮಗಳಿಗೆ ಒಳಪಟ್ಟು ಪರಸ್ಪರ ಕೂಡಿಕೊಂಡಿರುವುದೇ ಅಂತರಜಾಲ. ಇದರ ಮೂಲವಾದ ಅರ್ಪಾನೆಟ್ ಜಾಲದಲ್ಲಿ ಮೊದಲ ಸಂದೇಶವು 1969ರ ಅಕ್ಟೋಬರ್ 29ರಂದು ಅಮೆರಿಕದಲ್ಲಿ ರವಾನೆಯಾಯಿತು. ಇಂದಿಗೂ ಬಳಕೆಯಲ್ಲಿರುವ ಟಿಸಿಪಿ/ಐಪಿ ನಿಯಮಾವಳಿಯನ್ನು ಆ ಜಾಲವು 1983ರ ಜನವರಿ 1ರಂದು ಅಳವಡಿಸಿಕೊಂಡಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯು 1995ರ ಆಗಸ್ಟ್ 15ರಂದು ಆರಂಭಗೊಂಡಿತು.

ಕರ್ನಾಟಕದಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆರಂಭದಲ್ಲಿ ಈ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲಿಯೇ ಇರುತ್ತಿತ್ತು. ಕೇಂದ್ರ ಸರ್ಕಾರವು 2005ರಲ್ಲಿ ಅನುಮೋದಿಸಿದ ರಾಜ್ಯವ್ಯಾಪಿ ಜಾಲ ಯೋಜನೆಯು ರಾಜ್ಯ ಕೇಂದ್ರ, ಜಿಲ್ಲಾ ಕೇಂದ್ರ ಹಾಗೂ ತಾಲ್ಲೂಕು ಕೇಂದ್ರಗಳನ್ನು ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ಸಾಮರ್ಥ್ಯದ ಸಂಪರ್ಕದಿಂದ ಜೋಡಿಸುವ ಉದ್ದೇಶವನ್ನು ಹೊಂದಿತ್ತು. ಕರ್ನಾಟಕದಲ್ಲಿ ಈ ಜಾಲವು ಕೆಸ್ವಾನ್ ಎಂದು ಪರಿಚಿತವಾಗಿದೆ. ದತ್ತಾಂಶವು ದೂರದ ದತ್ತಾಂಶ ಕೇಂದ್ರದಲ್ಲಿ ಇರುವಾಗ, ಸೇವಾ ಕೇಂದ್ರದ ಗಣಕವು ಸುಸ್ಥಿತಿಯಲ್ಲಿದ್ದರೂ ನಡುವಿನ ದಾರಿಯು ಕಡಿದಲ್ಲಿ ಸೇವೆಯು ನಿಲ್ಲುತ್ತದೆ. ‘ಸರ್ವರ್ ಇಲ್ಲ’ ಎಂಬ ಮಾತಿನ ಹಿಂದಿರುವ ಕಾರಣವು ಎಷ್ಟೋ ಬಾರಿ ಸರ್ವರಿನದಾಗಿರದೆ ದಾರಿಯದಾಗಿರುತ್ತದೆ.

3. ಅರ್ಜಿಯು ಸರ್ವರನ್ನು ತಲುಪುವ ಕ್ರಮ

(ಅ) ಹೆಸರಿನಿಂದ ವಿಳಾಸಕ್ಕೆ: ಅರ್ಜಿದಾರರು ಜಾಲತಾಣದ ಹೆಸರನ್ನು ನಮೂದಿಸುತ್ತಾರೆ. ಜಾಲಕ್ಕೆ ಬೇಕಾಗಿರುವುದು ಐಪಿ ವಿಳಾಸವೆಂಬ ಸಂಖ್ಯೆ. ಹೆಸರಿಗೆ ತಕ್ಕ ಸಂಖ್ಯೆಯನ್ನು ತಿಳಿಸುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನಲಾಗುತ್ತದೆ. ಇದನ್ನು ದೂರವಾಣಿ ಕೈಪಿಡಿಗೆ ಹೋಲಿಸಬಹುದು. ಈ ಹಂತದಲ್ಲಿಯೇ ಉತ್ತರ ದೊರೆಯದಿದ್ದಲ್ಲಿ ಅರ್ಜಿಯು ಊರನ್ನು ಬಿಟ್ಟು ಹೊರಟೇ ಇರುವುದಿಲ್ಲ.

(ಆ) ಪ್ಯಾಕೆಟ್‌ಗಳಾಗಿ ವಿಭಜನೆ: ಅರ್ಜಿ ಹಾಗೂ ಅದರೊಂದಿಗಿನ ಭಾವಚಿತ್ರ, ದಾಖಲೆಗಳು ಇಡಿಯಾಗಿ ಸಾಗುವುದಿಲ್ಲ. ಅವುಗಳನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ವಿಭಜಿಸಲಾಗುತ್ತದೆ. ಸಾಮಾನ್ಯ ಈಥರ್‌ನೆಟ್ ಜಾಲದಲ್ಲಿ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ 1,500 ಬೈಟ್. ಇದರಲ್ಲಿ ಕನಿಷ್ಠ 40 ಬೈಟ್ ವಿಳಾಸ ಮತ್ತು ಕ್ರಮಸಂಖ್ಯೆಗಳಿಗೆ ವಿನಿಯೋಗವಾಗಿ, ಉಳಿದ 1,460 ಬೈಟ್‌ಗಳಲ್ಲಿ ಒಳಗಿನ ವಿಷಯವಿರುತ್ತದೆ. ಈ ಲೆಕ್ಕದಲ್ಲಿ 50 ಕಿಲೋಬೈಟ್‌ನ ಒಂದು ಭಾವಚಿತ್ರವು 36 ಪ್ಯಾಕೆಟ್‌ಗಳಾಗಿಯೂ, 2 ಮೆಗಾಬೈಟ್‌ನ ಒಂದು ದಾಖಲೆಯು 1,400ಕ್ಕೂ ಹೆಚ್ಚು ಪ್ಯಾಕೆಟ್‌ಗಳಾಗಿಯೂ ಸಾಗುತ್ತದೆ.

(ಇ) ರೂಟರ್‌ಗಳ ಮೂಲಕ ಸಾಗಣೆ: ಪ್ರತಿ ಕವಲಿನಲ್ಲಿ ರೂಟರ್ ಎಂಬ ಸಾಧನವು ಪ್ಯಾಕೆಟ್‌ನ ಮೇಲಿನ ವಿಳಾಸವನ್ನು ನೋಡಿ ಮುಂದಿನ ದಾರಿಗೆ ಕಳುಹಿಸುತ್ತದೆ. ಅಂಚೆಯ ವಿಂಗಡಣಾ ಕೇಂದ್ರದಲ್ಲಿ ಪತ್ರಗಳನ್ನು ಪಿನ್ ಕೋಡ್ ನೋಡಿ ಚೀಲಕ್ಕೆ ಹಾಕುವಂತೆಯೇ ಇದು ನಡೆಯುತ್ತದೆ. ದ್ಯುತಿತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಬೀದರಿನಿಂದ ಬೆಂಗಳೂರಿನವರೆಗಿನ ಸುಮಾರು 700 ಕಿಲೋಮೀಟರ್ ದೂರವು ಸೆಕೆಂಡಿನ ಸಾವಿರದ ನಾಲ್ಕು ಭಾಗಕ್ಕೂ ಕಡಿಮೆ ಅವಧಿಯದು. ಆದುದರಿಂದ ದೂರವು ವಿಳಂಬಕ್ಕೆ ಮುಖ್ಯ ಕಾರಣವಲ್ಲ; ಕವಲುಗಳಲ್ಲಿನ ಸಾಲು ಮುಖ್ಯ ಕಾರಣ. ರೂಟರಿನ ಸಾಲು ತುಂಬಿದಲ್ಲಿ ಹೊಸದಾಗಿ ಬಂದ ಪ್ಯಾಕೆಟ್‌ಗಳನ್ನು ಅದು ಕೈಬಿಡುತ್ತದೆ.

(ಈ) ಮರುಜೋಡಣೆ: ಕಳುಹಿಸಿದ ಗಣಕವು ಪ್ರತಿ ತುಂಡಿಗೂ ಸ್ವೀಕೃತಿಯನ್ನು ನಿರೀಕ್ಷಿಸುತ್ತದೆ. ನಿಗದಿತ ಅವಧಿಯಲ್ಲಿ ಸ್ವೀಕೃತಿ ಬಾರದ ತುಂಡನ್ನು ಮತ್ತೆ ಕಳುಹಿಸುತ್ತದೆ. ಸರ್ವರ್ ಇವೆಲ್ಲವನ್ನೂ ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ ಮೂಲ ರೂಪಕ್ಕೆ ತರುತ್ತದೆ. ಒಂದು ತುಂಡು ತಲುಪದಿದ್ದರೂ ಆ ದಾಖಲೆಯು ಪೂರ್ಣವಾಗುವುದಿಲ್ಲ.

4. ಎರಡು ಬಗೆಯ ಸ್ವೀಕೃತಿಗಳು

ಮೇಲೆ ಹೇಳಿದ ಸ್ವೀಕೃತಿಯು ಗಣಕವು ಗಣಕಕ್ಕೆ ನೀಡುವ ಸ್ವೀಕೃತಿ. ಅದರ ಅರ್ಥ ‘ಲಕೋಟೆಯು ಬಾಗಿಲಿಗೆ ಬಂದಿದೆ’ ಎಂದಷ್ಟೇ. ಲಕೋಟೆಯನ್ನು ತೆರೆದು, ಅರ್ಜಿಯನ್ನು ಪರಿಶೀಲಿಸಿ, ವಹಿಯಲ್ಲಿ ನಮೂದಿಸಿ, ಸಂಖ್ಯೆಯನ್ನು ನೀಡುವುದು ಸರ್ವರಿನಲ್ಲಿರುವ ಸೇವಾ ತಂತ್ರಾಂಶದ ಕೆಲಸ. ಅರ್ಜಿದಾರರ ಹಕ್ಕಿಗೆ ಆಧಾರವಾಗುವುದು ಈ ಎರಡನೆಯ ಸ್ವೀಕೃತಿಯೇ.

ಸಕಾಲ ಎಂದು ಪರಿಚಿತವಾದ ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಅರ್ಜಿದಾರರಿಗೆ 15 ಅಂಕಿಗಳ ಸಂಖ್ಯೆಯನ್ನು ನೀಡಲಾಗುತ್ತದೆ. ನಿಗದಿತ ಅವಧಿಯೊಳಗೆ ಸೇವೆ ದೊರೆಯಿತೇ ಎಂಬುದನ್ನು ಆ ಸಂಖ್ಯೆಯಿಂದಲೇ ಗುರುತಿಸಲಾಗುತ್ತದೆ. ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳಿಗೆ ಮೀರದಂತೆ ಪರಿಹಾರ ಕೋರಲು ಈ ಅಧಿನಿಯಮದಲ್ಲಿ ಅವಕಾಶವಿದೆ. ಸಂಖ್ಯೆಯೇ ದೊರೆಯದಿದ್ದಲ್ಲಿ ಅವಧಿಯ ಲೆಕ್ಕವನ್ನು ಆರಂಭಿಸಲು ಆಧಾರವಿರುವುದಿಲ್ಲ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣವೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಬೇರೆ ರೀತಿಯ ಒಪ್ಪಂದವಿಲ್ಲದಿದ್ದಲ್ಲಿ, ವಿದ್ಯುನ್ಮಾನ ದಾಖಲೆಯು ಕಳುಹಿಸುವವರ ನಿಯಂತ್ರಣದ ಹೊರಗಿನ ಗಣಕವನ್ನು ಪ್ರವೇಶಿಸಿದಾಗ ರವಾನೆಯಾಯಿತೆಂದೂ, ಪಡೆಯುವವರು ಗೊತ್ತುಪಡಿಸಿದ ಗಣಕವನ್ನು ಪ್ರವೇಶಿಸಿದಾಗ ಸ್ವೀಕೃತವಾಯಿತೆಂದೂ ಪರಿಗಣಿಸಲಾಗುತ್ತದೆ. ರವಾನೆ ಮತ್ತು ಸ್ವೀಕಾರ ಬೇರೆ ಬೇರೆ ಘಟನೆಗಳು. ಇವೆರಡರ ನಡುವೆ ಏನು ನಡೆಯಿತೆಂಬುದನ್ನು ತಿಳಿಸಬಲ್ಲದ್ದು ಸಂಚಾರದ ದಾಖಲೆ.

5. ಕೊನೆಯ ದಿನದ ದಟ್ಟಣೆ

ಜಾಲದ ದಟ್ಟಣೆಗೆ ಸಂಬಂಧಿಸಿದಂತೆ 1986ರ ಅಕ್ಟೋಬರ್‌ನಲ್ಲಿ ನಡೆದ ಒಂದು ಘಟನೆಯು ಬೋಧಪ್ರದವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಹಾಗೂ ಬರ್ಕ್ಲಿಯ ವಿಶ್ವವಿದ್ಯಾಲಯಗಳ ನಡುವಿನ ಅಂತರ ಸುಮಾರು 400 ಗಜಗಳಷ್ಟೇ. ಆದರೂ ಇವುಗಳ ನಡುವಿನ ದತ್ತಾಂಶ ಸಾಗಣೆಯು ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ತಂತಿಯು ಕಡಿದಿರಲಿಲ್ಲ. ಸ್ವೀಕೃತಿಯು ತಡವಾದಂತೆ ಗಣಕಗಳು ಅದೇ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳುಹಿಸಿದವು. ಕಳುಹಿಸಿದಷ್ಟೂ ಸಾಲು ಬೆಳೆಯಿತು. ಸಾಲು ಬೆಳೆದಷ್ಟೂ ಸ್ವೀಕೃತಿ ತಡವಾಯಿತು.

ಈ ಘಟನೆಯನ್ನು ಅಧ್ಯಯನ ಮಾಡಿದ ವ್ಯಾನ್ ಜೇಕಬ್ಸನ್ ಅವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪ್ಯಾಕೆಟ್ ಕಳೆದುಹೋದುದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ಕಳುಹಿಸುವ ಗಣಕವೇ ವೇಗವನ್ನು ತಗ್ಗಿಸಬೇಕು ಹಾಗೂ ದಾರಿ ತೆರವಾದಂತೆ ಕ್ರಮೇಣ ಹೆಚ್ಚಿಸಬೇಕು ಎಂಬ ವಿಧಾನವನ್ನು ವಿವರಿಸಿದರು. ಇಂದಿನ ಗಣಕಗಳು ಹಾಗೂ ಮೊಬೈಲ್‌ಗಳು ಈ ತತ್ತ್ವವನ್ನು ಪಾಲಿಸುತ್ತವೆ.

ಗಣಕವು ತಾಳ್ಮೆಯನ್ನು ಕಲಿತಿದ್ದರೂ, ಗುಂಡಿಯನ್ನು ಒತ್ತುವ ಕೈಗೆ ಈ ನಿಯಮವು ಅನ್ವಯಿಸುವುದಿಲ್ಲ. ಪುಟವು ತೆರೆಯುವುದು ತಡವಾಯಿತೆಂದು ‘ಸಲ್ಲಿಸು’ ಗುಂಡಿಯನ್ನು ಐದು ಬಾರಿ ಒತ್ತಿದಲ್ಲಿ, ಸರ್ವರಿಗೆ ಒಂದರ ಬದಲು ಐದು ಬೇಡಿಕೆಗಳು ತಲುಪುವ ಸಾಧ್ಯತೆಯಿರುತ್ತದೆ. ಮೊದಲನೆಯ ಬೇಡಿಕೆಯು ಸಾಲಿನಲ್ಲಿಯೇ ಇರುತ್ತದೆ. ಉಳಿದ ನಾಲ್ಕು ಅದರ ಹಿಂದೆ ನಿಂತು, ಇತರ ಅರ್ಜಿದಾರರ ಸರದಿಯನ್ನೂ ತಡೆಯುತ್ತವೆ. ತಂತ್ರಾಂಶದಲ್ಲಿ ಪುನರಾವರ್ತನೆಯನ್ನು ತಡೆಯುವ ಏರ್ಪಾಡು ಇಲ್ಲದಿದ್ದಲ್ಲಿ ಶುಲ್ಕವು ಎರಡು ಬಾರಿ ಕಡಿತವಾಗುವುದಕ್ಕೂ ಇದು ಕಾರಣವಾಗಬಹುದು.

6. ಸಂಚಾರ ವಿಶ್ಲೇಷಣೆ

ಜಾಲದಲ್ಲಿ ಎಷ್ಟು ದತ್ತಾಂಶವು, ಎಲ್ಲಿಂದ ಎಲ್ಲಿಗೆ, ಯಾವ ಸಮಯದಲ್ಲಿ ಸಾಗಿತು ಎಂಬುದನ್ನು ಅಳೆದು ದಾಖಲಿಸಿ ಪರಿಶೀಲಿಸುವುದಕ್ಕೆ ಸಂಚಾರ ವಿಶ್ಲೇಷಣೆ ಎನ್ನಲಾಗುತ್ತದೆ. ಇದಕ್ಕೆ ನಾಲ್ಕು ಬಗೆಯ ದಾಖಲೆಗಳು ಬಳಕೆಯಾಗುತ್ತವೆ.

(ಅ) ಎಣಿಕೆ: ರೂಟರ್ ಮತ್ತು ಸ್ವಿಚ್‌ಗಳ ಪ್ರತಿ ದ್ವಾರದಲ್ಲಿ ಎಷ್ಟು ಬೈಟ್ ಸಾಗಿತು, ಎಷ್ಟು ಪ್ಯಾಕೆಟ್ ಕೈಬಿಡಲಾಯಿತು ಎಂಬ ಒಟ್ಟು ಲೆಕ್ಕ. ಇದು ಸುಂಕದ ಕಟ್ಟೆಯಲ್ಲಿ ವಾಹನಗಳನ್ನು ಎಣಿಸಿದಂತೆ. ವಾಹನದೊಳಗೆ ಯಾರಿದ್ದಾರೆಂಬುದು ತಿಳಿಯುವುದಿಲ್ಲ.

(ಆ) ಹರಿವಿನ ದಾಖಲೆ: ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಯಾವ ಸೇವೆಗಾಗಿ, ಎಷ್ಟು ಹೊತ್ತು, ಎಷ್ಟು ಬೈಟ್ ಸಾಗಿತು ಎಂಬ ಒಂದು ಸಾಲಿನ ನಮೂದು. ದೂರವಾಣಿ ಬಿಲ್ಲಿನಲ್ಲಿ ಕರೆ ಮಾಡಿದ ಸಂಖ್ಯೆ ಹಾಗೂ ಅವಧಿ ಇರುವಂತೆ ಇದರಲ್ಲಿ ವಿವರಗಳಿದ್ದು, ಮಾತಿನ ವಿಷಯ ಇರುವುದಿಲ್ಲ.

(ಇ) ಪ್ಯಾಕೆಟ್ ಸೆರೆ: ಸಾಗುತ್ತಿರುವ ಪ್ಯಾಕೆಟ್‌ಗಳ ಪ್ರತಿಯನ್ನು ತೆಗೆದು ಪರಿಶೀಲಿಸುವುದು. ಟಿಸಿಪಿಡಂಪ್ ಹಾಗೂ ವೈರ್‌ಶಾರ್ಕ್ ಇದಕ್ಕೆ ಬಳಸುವ ಪ್ರಸಿದ್ಧ ತಂತ್ರಾಂಶಗಳು. ವೈರ್‌ಶಾರ್ಕ್ 1998ರಲ್ಲಿ ಈಥರಿಯಲ್ ಎಂಬ ಹೆಸರಿನಿಂದ ಬಿಡುಗಡೆಯಾಗಿ, 2006ರಲ್ಲಿ ಈಗಿನ ಹೆಸರನ್ನು ಪಡೆಯಿತು. ಈ ವಿಧಾನದಿಂದ ವಿಷಯವೂ ಕಾಣುವ ಸಂಭವವಿರುವುದರಿಂದ ಇದು ದೋಷ ಪತ್ತೆಗೆ ಸೀಮಿತವಾಗಿ, ಅಲ್ಪಾವಧಿಗೆ ಮಾತ್ರ ಬಳಸತಕ್ಕ ಕ್ರಮವಾಗಿದೆ.

(ಈ) ಸರ್ವರಿನ ದಿನಚರಿ: ಸರ್ವರ್ ತಾನು ಪಡೆದ ಪ್ರತಿ ಬೇಡಿಕೆಯ ಸಮಯ, ವಿಳಾಸ ಹಾಗೂ ನೀಡಿದ ಉತ್ತರದ ಸಂಕೇತವನ್ನು ಬರೆದಿಡುವ ವಹಿ. ಸಂಕೇತ 200 ಇದ್ದಲ್ಲಿ ಬೇಡಿಕೆಯು ಈಡೇರಿತೆಂದೂ, 404 ಇದ್ದಲ್ಲಿ ಕೇಳಿದ ಪುಟವಿಲ್ಲವೆಂದೂ, 500 ಇದ್ದಲ್ಲಿ ಸರ್ವರಿನೊಳಗೆ ದೋಷವೆಂದೂ, 503 ಇದ್ದಲ್ಲಿ ಸದ್ಯಕ್ಕೆ ಸೇವೆ ನೀಡಲಾಗದ ಸ್ಥಿತಿಯೆಂದೂ, 504 ಇದ್ದಲ್ಲಿ ಹಿಂದಿನ ಸರ್ವರಿನಿಂದ ಸಕಾಲದಲ್ಲಿ ಉತ್ತರ ಬರಲಿಲ್ಲವೆಂದೂ ಅರ್ಥ. ಇವೇ ಸಂಖ್ಯೆಗಳು ಅರ್ಜಿದಾರರ ಪರದೆಯ ಮೇಲೂ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ದೂರು ನೀಡುವಾಗ ‘ಸರ್ವರ್ ಇಲ್ಲ’ ಎನ್ನುವುದಕ್ಕಿಂತ ಪರದೆಯ ಮೇಲಿನ ಸಂಖ್ಯೆಯನ್ನು ತಿಳಿಸುವುದು ಉಪಯುಕ್ತ.

7. ನಿದರ್ಶನ: ಒಂದೇ ಪರದೆ, ಮೂರು ಕಾರಣ

ಒಂದು ವಿದ್ಯಾರ್ಥಿ ವೇತನಕ್ಕೆ ರಾತ್ರಿ 11 ಗಂಟೆ 59 ನಿಮಿಷದವರೆಗೆ ಅವಕಾಶವಿದೆಯೆಂದು ಭಾವಿಸೋಣ. ಮೂವರು ಅರ್ಜಿದಾರರು 11 ಗಂಟೆ 50 ನಿಮಿಷದ ಸುಮಾರಿಗೆ ಗುಂಡಿಯನ್ನು ಒತ್ತುತ್ತಾರೆ. ಮೂವರ ಪರದೆಯ ಮೇಲೂ ಚಕ್ರವು ತಿರುಗುತ್ತಲೇ ಇದ್ದು, ಸಂಖ್ಯೆಯು ಬರುವುದಿಲ್ಲ. ಮರುದಿನ ಮೂವರೂ ದೂರು ಸಲ್ಲಿಸುತ್ತಾರೆ.

ಮೊದಲನೆಯವರ ವಿಷಯದಲ್ಲಿ, ಹರಿವಿನ ದಾಖಲೆಯು 2 ಮೆಗಾಬೈಟ್ ದತ್ತಾಂಶವು ಪೂರ್ಣವಾಗಿ ಬಂದುದನ್ನು ತೋರಿಸುತ್ತದೆ. ಸರ್ವರಿನ ದಿನಚರಿಯಲ್ಲಿ 11 ಗಂಟೆ 52 ನಿಮಿಷಕ್ಕೆ 200 ಸಂಕೇತವೂ, ದತ್ತಸಂಚಯದಲ್ಲಿ ಅರ್ಜಿಯ ನಮೂದೂ ಇರುತ್ತದೆ. ಮರಳಿ ಹೊರಟ ಉತ್ತರವು ಮಾತ್ರ ಅರ್ಜಿದಾರರ ಮೊಬೈಲ್ ಸಂಪರ್ಕ ಕಡಿದುದರಿಂದ ತಲುಪಿರುವುದಿಲ್ಲ. ಇವರ ಅರ್ಜಿಯು ಸ್ವೀಕೃತವಾಗಿದೆ. ಸಂಖ್ಯೆಯನ್ನು ಹುಡುಕಿ ತಿಳಿಸಿದಲ್ಲಿ ಸಾಕು.

ಎರಡನೆಯವರ ವಿಷಯದಲ್ಲಿ, ಸಂಪರ್ಕವು ಏರ್ಪಟ್ಟು 300 ಕಿಲೋಬೈಟ್ ಮಾತ್ರ ಬಂದು ನಿಂತಿದೆ. ಅದೇ ಅವಧಿಯಲ್ಲಿ ಸರ್ವರಿನ ಮುಂದಿರುವ ರೂಟರ್ ಅಸಂಖ್ಯ ಪ್ಯಾಕೆಟ್‌ಗಳನ್ನು ಕೈಬಿಟ್ಟಿರುವುದು ಎಣಿಕೆಯಿಂದ ತಿಳಿಯುತ್ತದೆ. ಅರ್ಜಿಯು ಸ್ವೀಕೃತವಾಗಿಲ್ಲ, ಆದರೆ ಅರ್ಜಿದಾರರು ಅವಧಿಯೊಳಗೆ ಪ್ರಯತ್ನಿಸಿದ್ದರೆಂಬುದಕ್ಕೂ, ವ್ಯತ್ಯಯವು ಸೇವಾ ವ್ಯವಸ್ಥೆಯ ಕಡೆಯದೆಂಬುದಕ್ಕೂ ದಾಖಲೆಯಿದೆ. ಅವಧಿ ವಿಸ್ತರಣೆಯ ಕೋರಿಕೆಯನ್ನು ಪರಿಗಣಿಸಲು ಇದು ಆಧಾರವಾಗುತ್ತದೆ.

ಮೂರನೆಯವರ ವಿಷಯದಲ್ಲಿ, ಯಾವುದೇ ನಮೂದು ದೊರೆಯುವುದಿಲ್ಲ. ಅವರ ಬೇಡಿಕೆಯು ಊರಿನ ಸಂಪರ್ಕದಲ್ಲಿಯೇ ನಿಂತಿರಬಹುದು. ಸರ್ವರಿನ ಕಡೆಯ ದಾಖಲೆಗಳಿಂದ ಇವರ ಮಾತನ್ನು ಸಮರ್ಥಿಸಲೂ ಆಗದು, ಅಲ್ಲಗಳೆಯಲೂ ಆಗದು. ಸಮಯವು ಕಾಣುವಂತೆ ಅವರು ಪರದೆಯ ಚಿತ್ರವನ್ನು ತೆಗೆದಿಟ್ಟುಕೊಂಡಿದ್ದಲ್ಲಿ ಅದಷ್ಟೇ ಅವರ ಕೈಯಲ್ಲಿರುವ ಆಧಾರ.

ಇಂತಹ ತೀರ್ಮಾನಗಳಲ್ಲಿ ಒಂದೊಂದು ನಿಮಿಷವೂ ಮುಖ್ಯವಾದುದರಿಂದ ಎಲ್ಲ ಗಣಕಗಳ ಗಡಿಯಾರಗಳು ಒಂದೇ ಸಮಯವನ್ನು ತೋರಿಸಬೇಕು. ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಸೇವಾದಾರರು, ದತ್ತಾಂಶ ಕೇಂದ್ರಗಳು ಹಾಗೂ ಸರ್ಕಾರಿ ಸಂಸ್ಥೆಗಳು ತಮ್ಮ ಗಣಕಗಳ ಸಮಯವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯದೊಂದಿಗೆ ಹೊಂದಿಸಿಕೊಳ್ಳಬೇಕೆಂದೂ, ದಿನಚರಿಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕೆಂದೂ ಸೂಚಿಸಲಾಗಿದೆ. ಸಾಮಾನ್ಯವಾಗಿ ಪರಿಗಣನೆಗೆ ಬರುವುದು ಸರ್ವರಿನ ಗಡಿಯಾರವೇ ಹೊರತು ಅರ್ಜಿದಾರರ ಮೊಬೈಲಿನದಲ್ಲ.

180 ದಿನಗಳ ಈ ಮಿತಿಯನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಆ ಬಳಿಕ ದಿನಚರಿಯು ಉಳಿದಿರುತ್ತದೆಂದು ನಂಬುವಂತಿಲ್ಲ. ದೂರು ತಡವಾದಷ್ಟೂ ಅದನ್ನು ಸಾಬೀತುಪಡಿಸುವ ದಾಖಲೆಯು ಅಳಿಸಿಹೋಗುವ ಸಂಭವವು ಹೆಚ್ಚುತ್ತದೆ.

8. ಐಪಿ ವಿಳಾಸದಿಂದ ವ್ಯಕ್ತಿಯನ್ನು ಗುರುತಿಸಬಹುದೇ?

ಐಪಿ ವಿಳಾಸವೊಂದರಿಂದಲೇ ವ್ಯಕ್ತಿಯನ್ನು ಖಚಿತವಾಗಿ ಗುರುತಿಸಲಾಗದು. ಹಳೆಯ ಐಪಿ ಪದ್ಧತಿಯಲ್ಲಿ ಸಾಧ್ಯವಿರುವ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಜಗತ್ತಿನ ಸಾಧನಗಳಿಗೆ ಇವು ಸಾಲುವುದಿಲ್ಲ. ಆದ್ದರಿಂದ ಮೊಬೈಲ್ ಸೇವಾದಾರರು ಒಂದೇ ವಿಳಾಸವನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುವ ಕ್ರಮವಿದೆ. ಗ್ರಾಮ ಒನ್ ಕೇಂದ್ರ ಅಥವಾ ಸೈಬರ್ ಕೇಂದ್ರದಿಂದ ಸಲ್ಲಿಕೆಯಾಗುವ ಅರ್ಜಿಗಳಲ್ಲಿ ಕೇಂದ್ರದ ವಿಳಾಸವು ಮಾತ್ರ ಕಾಣುತ್ತದೆ. ಒಂದೇ ಸಂಜೆ ಅಲ್ಲಿಂದ ನಲವತ್ತು ಜನರ ಅರ್ಜಿಗಳು ಹೋಗಿದ್ದಲ್ಲಿ ನಲವತ್ತಕ್ಕೂ ವಿಳಾಸ ಒಂದೇ. ಈ ಕಾರಣದಿಂದ ಅರ್ಜಿಯ ತಾತ್ಕಾಲಿಕ ಸಂಖ್ಯೆ, ಪಾವತಿಯ ವಹಿವಾಟು ಸಂಖ್ಯೆ ಹಾಗೂ ಸಮಯ, ಈ ಮೂರು ವಿವರಗಳು ಅರ್ಜಿದಾರರ ಬಳಿ ಇರುವುದು ಅತ್ಯಗತ್ಯ.

9. ಲಕೋಟೆ ಮತ್ತು ಪತ್ರ: ದಾರಿಯಲ್ಲಿ ಏನು ಕಾಣುತ್ತದೆ?

ಹಳೆಯ ಎಚ್‌ಟಿಟಿಪಿ ವಿಧಾನದಲ್ಲಿ ಸಾಗುವ ದತ್ತಾಂಶವು ಅಂಚೆ ಕಾರ್ಡಿನಂತೆ. ದಾರಿಯಲ್ಲಿರುವ ಯಾರೂ ಅದನ್ನು ಓದಬಹುದು. ಎಚ್‌ಟಿಟಿಪಿಎಸ್ ವಿಧಾನದಲ್ಲಿ ದತ್ತಾಂಶವನ್ನು ಗೂಢಲಿಪಿಗೆ ಪರಿವರ್ತಿಸಿ ಕಳುಹಿಸುವುದರಿಂದ ಅದು ಅಂಟಿಸಿದ ಲಕೋಟೆಯಂತೆ. ಆಧಾರ್ ಸಂಖ್ಯೆ, ಆದಾಯ, ಬ್ಯಾಂಕ್ ಖಾತೆ, ಗುಪ್ತಪದ ಮೊದಲಾದವು ಒಳಗಿದ್ದು, ನಡುವಿನ ಸೇವಾದಾರರಿಗೆ ಕಾಣುವುದಿಲ್ಲ.

ಆದರೆ ಲಕೋಟೆಯ ಮೇಲಿನ ವಿವರಗಳು ಕಾಣುತ್ತವೆ. ಕಳುಹಿಸಿದ ವಿಳಾಸ, ತಲುಪಬೇಕಾದ ವಿಳಾಸ, ಸಾಮಾನ್ಯವಾಗಿ ಜಾಲತಾಣದ ಹೆಸರು, ಸಮಯ ಹಾಗೂ ಗಾತ್ರ ಇವು ಮುಚ್ಚಿರುವುದಿಲ್ಲ. ಸಂಚಾರ ವಿಶ್ಲೇಷಣೆಯು ನಡೆಯುವುದು ಬಹುತೇಕ ಈ ವಿವರಗಳ ಮೇಲೆಯೇ. ಇವು ನಿರುಪದ್ರವಿಯೆಂದು ತೋರಿದರೂ ಕೆಲವು ಸಂದರ್ಭಗಳಲ್ಲಿ ವಿಳಾಸವೇ ಗುಟ್ಟಾಗಿರುತ್ತದೆ. ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯು ನೆರವಿನ ಜಾಲತಾಣಕ್ಕೆ ಭೇಟಿ ನೀಡಿದ್ದು ಮನೆಯ ಇತರರಿಗೆ ತಿಳಿದಲ್ಲಿ, ಆಕೆ ಏನು ಬರೆದಳೆಂಬುದು ತಿಳಿಯದಿದ್ದರೂ ಅಪಾಯವಾಗಬಹುದು. ಸಂಚಾರದ ದಾಖಲೆಯನ್ನು ಎಚ್ಚರಿಕೆಯಿಂದ ಕಾಪಾಡಬೇಕಾದ ಕಾರಣ ಇದೇ ಆಗಿದೆ.

ಇನ್ನೊಂದು ಅಂಶವನ್ನೂ ಗಮನಿಸತಕ್ಕದ್ದು. ಎಚ್‌ಟಿಟಿಪಿಎಸ್ ಎಂದರೆ ದಾರಿಯು ಭದ್ರವೆಂದು ಅರ್ಥವೇ ಹೊರತು ತಲುಪಿದ ಸ್ಥಳವು ಪ್ರಾಮಾಣಿಕವೆಂದಲ್ಲ. ನಕಲಿ ಜಾಲತಾಣಗಳೂ ಈ ಸೌಲಭ್ಯವನ್ನು ಪಡೆಯಬಲ್ಲವು. ಆದ್ದರಿಂದ ಸರ್ಕಾರಿ ಜಾಲತಾಣದ ಹೆಸರು ‘ಜಿಒವಿ ಡಾಟ್ ಐಎನ್’ ಅಥವಾ ‘ಎನ್‌ಐಸಿ ಡಾಟ್ ಐಎನ್’ ಎಂದು ಕೊನೆಗೊಳ್ಳುವುದೇ ಎಂಬುದನ್ನು ನೋಡಿಕೊಳ್ಳುವುದು ಸೂಕ್ತ. ಈ ಅಕ್ಷರಗಳು ಹೆಸರಿನ ನಡುವೆ ಇದ್ದು, ಕೊನೆಯಲ್ಲಿ ಬೇರೇನಾದರೂ ಇದ್ದಲ್ಲಿ ಅಂತಹ ಪುಟದಲ್ಲಿ ಯಾವುದೇ ವಿವರವನ್ನು ನಮೂದಿಸಬಾರದು.

10. ಕಾನೂನಿನ ಮಿತಿಗಳು

ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ ತಂದ ತಿದ್ದುಪಡಿಯ ಮೂಲಕ 69ಬಿ ಪ್ರಕರಣವು 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದಿದೆ. ಸೈಬರ್ ಸುರಕ್ಷತೆಯ ಉದ್ದೇಶಕ್ಕಾಗಿ ಸಂಚಾರ ದತ್ತಾಂಶವನ್ನು ಸಂಗ್ರಹಿಸಲು ಸರ್ಕಾರಿ ಸಂಸ್ಥೆಗೆ ಅಧಿಕಾರ ನೀಡುವ ಅವಕಾಶವನ್ನು ಈ ಪ್ರಕರಣವು ಕೇಂದ್ರ ಸರ್ಕಾರಕ್ಕೆ ಕಲ್ಪಿಸುತ್ತದೆ. ಸಂವಹನದ ಮೂಲ, ಗಮ್ಯ, ದಾರಿ, ಸಮಯ, ಗಾತ್ರ, ಅವಧಿ ಮೊದಲಾದವು ಸಂಚಾರ ದತ್ತಾಂಶದ ವ್ಯಾಖ್ಯೆಗೆ ಒಳಪಡುತ್ತವೆ. ಇದಕ್ಕೆ ಅನುಸರಿಸಬೇಕಾದ ಕ್ರಮ ಹಾಗೂ ರಕ್ಷಣೆಗಳನ್ನು 2009ರ ಪ್ರತ್ಯೇಕ ನಿಯಮಗಳಲ್ಲಿ ವಿಧಿಸಲಾಗಿದೆ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪು ನೀಡಿದೆ. ತದನಂತರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಅಂಗೀಕೃತವಾಗಿದೆ. ಅಳೆಯಬೇಕಾದುದನ್ನು ಅಳೆಯುವುದು, ಅಗತ್ಯಕ್ಕಿಂತ ಹೆಚ್ಚನ್ನು ನೋಡದಿರುವುದು ಹಾಗೂ ಅಗತ್ಯ ಮುಗಿದ ಮೇಲೆ ಉಳಿಸಿಕೊಳ್ಳದಿರುವುದು ಸಂಚಾರ ವಿಶ್ಲೇಷಣೆಯಲ್ಲಿ ಪಾಲಿಸತಕ್ಕ ತತ್ತ್ವಗಳಾಗಿವೆ.

11. ಅರ್ಜಿದಾರರು ಅನುಸರಿಸತಕ್ಕ ಕ್ರಮಗಳು

1) ಕೊನೆಯ ದಿನಾಂಕದವರೆಗೆ ಕಾಯದೆ, ಸಾಧ್ಯವಾದಷ್ಟು ಮುಂಚಿತವಾಗಿ ಅರ್ಜಿಯನ್ನು ಸಲ್ಲಿಸುವುದು.
2) ಭಾವಚಿತ್ರ ಹಾಗೂ ದಾಖಲೆಗಳನ್ನು ನಿಗದಿತ ಗಾತ್ರಕ್ಕೆ ಇಳಿಸಿಕೊಂಡು ಸಿದ್ಧವಾಗಿಟ್ಟುಕೊಳ್ಳುವುದು. ಗಾತ್ರ ಕಡಿಮೆಯಾದಷ್ಟೂ ಪ್ಯಾಕೆಟ್‌ಗಳು ಕಡಿಮೆಯಾಗಿ, ದುರ್ಬಲ ಸಂಪರ್ಕದಲ್ಲಿಯೂ ತಲುಪುವ ಸಾಧ್ಯತೆ ಹೆಚ್ಚುತ್ತದೆ.
3) ‘ಸಲ್ಲಿಸು’ ಗುಂಡಿಯನ್ನು ಒಮ್ಮೆ ಮಾತ್ರ ಒತ್ತುವುದು. ಉತ್ತರ ಬಾರದಿದ್ದಲ್ಲಿ, ಮರಳಿ ಸಲ್ಲಿಸುವ ಮುನ್ನ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸುವುದು.
4) ಸ್ವೀಕೃತಿ ಸಂಖ್ಯೆ ಬರುವವರೆಗೆ ಅರ್ಜಿಯು ಸಲ್ಲಿಕೆಯಾಗಿದೆಯೆಂದು ಭಾವಿಸಬಾರದು. ಸೇವಾ ಕೇಂದ್ರದಲ್ಲಿ ಸಲ್ಲಿಸುವವರು ಸಂಖ್ಯೆಯುಳ್ಳ ಮುದ್ರಿತ ಪ್ರತಿಯನ್ನು ಪಡೆದೇ ಹೊರಡುವುದು.
5) ದೋಷ ಕಂಡುಬಂದಲ್ಲಿ ಸಂಕೇತ ಸಂಖ್ಯೆ, ದಿನಾಂಕ ಮತ್ತು ಸಮಯ ಕಾಣುವಂತೆ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಳ್ಳುವುದು.
6) ದೂರನ್ನು ಕೂಡಲೇ, ಲಿಖಿತವಾಗಿ ಸಲ್ಲಿಸುವುದು.
7) ಒಂದು ಬಾರಿಯ ಗುಪ್ತಪದವನ್ನು ದೂರವಾಣಿಯಲ್ಲಿ ಯಾರಿಗೂ ತಿಳಿಸಬಾರದು. ಹಣದ ವಂಚನೆ ನಡೆದಲ್ಲಿ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶುಲ್ಕವು ಖಾತೆಯಿಂದ ಕಡಿತವಾಗಿದೆ, ಆದರೆ ಸ್ವೀಕೃತಿ ಸಂಖ್ಯೆ ಬಂದಿಲ್ಲ. ಏನು ಮಾಡಬೇಕು?
ಉತ್ತರ: ಪಾವತಿಯು ಬ್ಯಾಂಕಿನ ಗಣಕದಲ್ಲಿ, ಅರ್ಜಿಯು ಸೇವಾ ಸರ್ವರಿನಲ್ಲಿ ದಾಖಲಾಗುತ್ತದೆ. ಎರಡರ ನಡುವಿನ ಸಂದೇಶವು ತಲುಪದಿದ್ದಲ್ಲಿ ಹೀಗಾಗುತ್ತದೆ. ಮತ್ತೊಮ್ಮೆ ಪಾವತಿಸದೆ, ಮೊದಲು ಸ್ಥಿತಿಯನ್ನು ಪರಿಶೀಲಿಸುವುದು. ಯುಪಿಐ ಅಥವಾ ಕಾರ್ಡ್ ಮೂಲಕ ಕಡಿತವಾದ ಹಣದ ದೃಢೀಕರಣವು ಪಡೆಯುವವರಿಗೆ ತಲುಪದಿದ್ದಲ್ಲಿ, ವಹಿವಾಟಿನ ದಿನದ ನಂತರದ 5 ದಿನಗಳೊಳಗೆ ಹಣವು ತಾನಾಗಿಯೇ ಮರಳಬೇಕೆಂದೂ, ತಪ್ಪಿದಲ್ಲಿ ದಿನಕ್ಕೆ 100 ರೂಪಾಯಿ ಪರಿಹಾರ ನೀಡಬೇಕೆಂದೂ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಸೂಚಿಸಿದೆ.

ಪ್ರಶ್ನೆ: ರಾತ್ರಿಯ ವೇಳೆ ಜಾಲತಾಣವು ಬೇಗ ತೆರೆಯುವುದೇಕೆ?
ಉತ್ತರ: ಬಳಸುವವರು ಕಡಿಮೆಯಿರುವ ವೇಳೆಯಲ್ಲಿ ರೂಟರ್ ಹಾಗೂ ಸರ್ವರಿನ ಸಾಲುಗಳು ಚಿಕ್ಕದಾಗಿರುತ್ತವೆ. ಕೊನೆಯ ದಿನಾಂಕದ ರಾತ್ರಿಗೆ ಇದು ಅನ್ವಯಿಸುವುದಿಲ್ಲ.

ಪ್ರಶ್ನೆ: ಪರದೆಯ ಚಿತ್ರವಿದ್ದಲ್ಲಿ ಅರ್ಜಿಯು ಸ್ವೀಕೃತವಾಯಿತೆಂದು ಪರಿಗಣಿಸಬಹುದೇ?
ಉತ್ತರ: ಇಲ್ಲ. ಅದು ಪ್ರಯತ್ನಿಸಿದ್ದಕ್ಕೆ ಆಧಾರವಾಗಬಹುದೇ ಹೊರತು ಸ್ವೀಕೃತಿಗೆ ಅಲ್ಲ. ಆದರೆ ಅದರಲ್ಲಿನ ಸಮಯ ಹಾಗೂ ಸಂಖ್ಯೆಗಳ ನೆರವಿನಿಂದ ದಿನಚರಿಯಲ್ಲಿ ಸಂಬಂಧಪಟ್ಟ ನಮೂದನ್ನು ಹುಡುಕುವುದು ಸುಲಭವಾಗುತ್ತದೆ.

ಪ್ರಶ್ನೆ: ಸೇವಾ ಕೇಂದ್ರದವರು ‘ಸರ್ವರ್ ಇಲ್ಲ’ ಎಂದು ಹಿಂದಕ್ಕೆ ಕಳುಹಿಸಿದಲ್ಲಿ?
ಉತ್ತರ: ದಿನಾಂಕ, ಸಮಯ ಹಾಗೂ ಪರದೆಯ ಮೇಲೆ ಕಂಡ ಸಂದೇಶವನ್ನು ಬರೆದುಕೊಳ್ಳುವುದು. ಅದೇ ವೇಳೆಯಲ್ಲಿ ಬೇರೆ ಕೇಂದ್ರಗಳಿಂದ ಅರ್ಜಿಗಳು ಬಂದಿವೆಯೇ ಎಂಬುದು ಸಂಚಾರದ ದಾಖಲೆಯಿಂದ ತಿಳಿಯುತ್ತದೆ. ದೋಷವು ಕೇಂದ್ರದ್ದೇ, ದಾರಿಯದ್ದೇ ಅಥವಾ ಸರ್ವರಿನದ್ದೇ ಎಂಬುದನ್ನು ಆ ಮೂಲಕ ಗುರುತಿಸಲು ಸಾಧ್ಯ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕಾನೂನಿನ ವಿಷಯದಲ್ಲಿ ಸಂಬಂಧಪಟ್ಟ ಅಧಿನಿಯಮ, ನಿಯಮ ಹಾಗೂ ಆದೇಶಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.